ಎಲ್‌ಒಆರ್ ಬರೆಯೋದು ಯಾರು?

ಸೆಪ್ಟೆಂಬರ್ ಮುಗಿದು ಅಕ್ಟೋಬರ್ ಶುರುವಾಗುತ್ತಿದ್ದ ಹಾಗೆ ಮತ್ತಿಕೆರೆ, ಹೆಬ್ಬಾಳ, ಯಲಹಂಕದ ಕಡೆಯ ಇಂಜಿನಿಯರಿಂಗ್ ಕಾಲೇಜುಗಳ ಸ್ಟಾಫ್ ರೂಮ್ ಬಾಗಿಲಲ್ಲಿ ಫೈನಲ್ ಇಯರ್ ಹುಡುಗರು ನಿಂತಿರುತ್ತಾರೆ. ಅಟೆಂಡೆನ್ಸ್ ಶಾರ್ಟೇಜ್ ಅಂತ ಗೋಗರೆಯೋಕೆ ಬಂದವರಲ್ಲ. ಇಂಟರ್ನಲ್ಸ್‌ಗೆ ಎರಡು ಮಾರ್ಕ್ಸ್ ಹಾಕಿ ಅಂತ ಕೇಳೋಕೂ ಅಲ್ಲ. ಕೈಯಲ್ಲಿ ಒಂದು ಪ್ರಿಂಟೌಟ್ ಇರುತ್ತೆ. "ಸರ್, ಎಲ್‌ಒಆರ್ ಬೇಕಿತ್ತು. ನಾನೇ ಬರ್ಕೊಂಡು ಬಂದಿದೀನಿ ಸರ್, ನೀವೊಂದು ಸೈನ್ ಹಾಕಿಕೊಟ್ರೆ ಸಾಕು."

ಸರ್ ತಲೆ ಎತ್ತಿ ನೋಡ್ತಾರೆ. ಹೆಸರು ನೆನಪಾಗಲ್ಲ. "ಯುಎಸ್‌ಎನ್ ಎಷ್ಟಪ್ಪಾ?" ಅಂತ ಕೇಳ್ತಾರೆ. ಸೈನ್ ಹಾಕ್ತಾರೆ. ಮುಗೀತು.

ಈ ಒಂದು ನಿಮಿಷದ ವ್ಯವಹಾರದ ಹಿಂದೆ ಒಂದು ಮನೆಯ ಮೂವತ್ತು–ನಲವತ್ತು ಲಕ್ಷದ ಎಜುಕೇಶನ್ ಲೋನ್ ಇರುತ್ತೆ. ಅಪ್ಪ ಅಡ ಇಟ್ಟಿರೋ ಸೈಟು ಇರುತ್ತೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ 2023–24ರ ಸಾಲಿನಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಆ ವರ್ಷ ಚೀನಾವನ್ನೂ ಹಿಂದೆ ಹಾಕಿ ನಾವು ಮೊದಲ ಸ್ಥಾನಕ್ಕೆ ಬಂದೆವು. ಇವರಲ್ಲಿ ಹೆಚ್ಚಿನವರು ಹೋಗೋದು ಸ್ನಾತಕೋತ್ತರ ಪದವಿಗೆ, ಅಂದರೆ ನಮ್ಮ ಭಾಷೆಯಲ್ಲಿ ಎಂಎಸ್ ಮಾಡೋಕೆ. ಆ ಅರ್ಜಿಯ ಜೊತೆ ಸಾಮಾನ್ಯವಾಗಿ ಎರಡೋ ಮೂರೋ ಎಲ್‌ಒಆರ್ ಹೋಗಬೇಕು. ಲೆಟರ್ ಆಫ್ ರೆಕಮಂಡೇಶನ್. ಕನ್ನಡದಲ್ಲಿ ಶಿಫಾರಸು ಪತ್ರ.

ನನ್ನ ಪ್ರಕಾರ ಗೊಂದಲ ಶುರುವಾಗೋದೇ ಈ ಕನ್ನಡ ಪದದಿಂದ.

ಶಿಫಾರಸು ಅನ್ನೋದು ಪಾರ್ಸಿಯ ಸಿಫಾರಿಶ್‌ನಿಂದ ಬಂದ ಮಾತು. ನಮ್ಮೂರಲ್ಲಿ ಅದಕ್ಕೆ ಒಂದೇ ಅರ್ಥ. ಶಾಸಕರ ಲೆಟರ್‌ಹೆಡ್. ವರ್ಗಾವಣೆಗೆ ಶಿಫಾರಸು, ಆಸ್ಪತ್ರೆಯಲ್ಲಿ ಬೆಡ್‌ಗೆ ಶಿಫಾರಸು, ಎಲ್‌ಕೆಜಿ ಸೀಟಿಗೆ ಶಿಫಾರಸು, ಕೊನೆಗೆ ತಿರುಪತಿ ತಿಮ್ಮಪ್ಪನ ದರ್ಶನಕ್ಕೂ ಶಿಫಾರಸು. ಆ ಪತ್ರದಲ್ಲಿ "ಇವರು ನನಗೆ ಪರಿಚಿತರು" ಅಂತ ಬರೆದಿರುತ್ತೆ. ಪರಿಚಯ ಇರೋದಿಲ್ಲ, ಅದು ಕೊಡುವವರಿಗೂ ಗೊತ್ತು, ತಗೊಳ್ಳುವವರಿಗೂ ಗೊತ್ತು, ಓದುವ ಅಧಿಕಾರಿಗೂ ಗೊತ್ತು. ಅಲ್ಲಿ ಕೆಲಸ ಮಾಡೋದು ಪತ್ರದ ಒಳಗಿನ ಮಾತಲ್ಲ, ಕೆಳಗಿನ ಸಹಿ. ಸಹಿ ಮಾಡಿದವರ ಕುರ್ಚಿ ಎಷ್ಟು ದೊಡ್ಡದು ಅನ್ನೋದಷ್ಟೇ ಲೆಕ್ಕ.

ಎಲ್‌ಒಆರ್ ಇದಕ್ಕೆ ತದ್ವಿರುದ್ಧ. ಅಲ್ಲಿ ಸಹಿಯ ಕುರ್ಚಿಗೆ ಬೆಲೆ ಕಡಿಮೆ, ಒಳಗಿನ ಮಾತಿಗೆ ಬೆಲೆ ಜಾಸ್ತಿ. ಈ ವ್ಯತ್ಯಾಸ ಗೊತ್ತಿಲ್ಲದ ತಂದೆ ತಾಯಿ ನನ್ನನ್ನ ಕೇಳೋ ಪ್ರಶ್ನೆ ಏನು ಗೊತ್ತಾ? "ನಮ್ಮ ಕಡೆಯ ಎಂಪಿ ಪರಿಚಯ ಇದ್ದಾರೆ, ಅವರಿಂದ ಒಂದು ಲೆಟರ್ ಕೊಡಿಸಿದ್ರೆ ಆಗುತ್ತಾ?" ಇನ್ನು ಕೆಲವರು, "ಟೀವಿಯಲ್ಲಿ ಇದೀರಲ್ಲ, ನೀವೇ ಒಂದು ಬರೆದುಕೊಡಿ" ಅಂತಾರೆ. ಸ್ವಾಮಿ, ನಿಮ್ಮ ಮಗಳು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಹೇಗೆ ಯೋಚನೆ ಮಾಡ್ತಾಳೆ ಅಂತ ನನಗೆ ಗೊತ್ತಾ? ಎಂಪಿ ಸಾಹೇಬರಿಗೆ ಗೊತ್ತಾ? ಗೊತ್ತಿಲ್ಲದವರು ಬರೆದ ಪತ್ರ ಅಲ್ಲಿ ಒಂದು ಅನುಮಾನ ಹುಟ್ಟಿಸುತ್ತೆ, ಅಷ್ಟೇ. ಈಕೆಯನ್ನು ಬಲ್ಲ ಮೇಷ್ಟ್ರು ಯಾರೂ ಸಿಗಲಿಲ್ಲವಾ ಅಂತ.

ಹಾಗಾದರೆ ನಮ್ಮಲ್ಲಿ ಕಾಲೇಜು ಪ್ರವೇಶಕ್ಕೆ ಇಂಥ ಪತ್ರ ಯಾಕಿಲ್ಲ? ನಾವು ಹಿಂದುಳಿದಿದ್ದೇವೆ ಅಂತ ಅಲ್ಲ. ಒಬ್ಬರ ಅಭಿಪ್ರಾಯಕ್ಕೆ ಅಂಕ ಕೊಡೋದನ್ನ ನಾವು ಮಾಡಿ ನೋಡಿ ಆಗಿದೆ. ಇದು ನಮ್ಮ ರಾಜ್ಯದ ಕತೆಯೇ.

ಆಗಿನ್ನೂ ಮೈಸೂರು ರಾಜ್ಯ. ಮೆಡಿಕಲ್ ಮತ್ತು ಇಂಜಿನಿಯರಿಂಗ್ ಸೀಟಿಗೆ ಪರೀಕ್ಷೆಯ ಅಂಕದ ಜೊತೆ ಸಂದರ್ಶನವೂ ಇತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಡಲಾಗಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ನಾಟಕ, ಚರ್ಚಾಸ್ಪರ್ಧೆ, ಸಮಾಜ ಸೇವೆ, ಎಲ್ಲಕ್ಕೂ ಲೆಕ್ಕ. ಇವತ್ತು ಅಮೆರಿಕದವರು ಹೋಲಿಸ್ಟಿಕ್ ಅಂತ ಕರೆಯೋದು ಬಹುಮಟ್ಟಿಗೆ ಇದನ್ನೇ! ಸೀಟು ಸಿಗದ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಆಯ್ಕೆ ಸಮಿತಿ ನಡೆಸಿದ ಸಂದರ್ಶನ ಸರಿಯಿಲ್ಲ, ಮತ್ತೆ ನಡೆಸಿ ಎಂದಿತು ಮೈಸೂರು ಹೈಕೋರ್ಟ್. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ, 1964. ಸಂದರ್ಶನ ಅನ್ನೋ ಪದ್ಧತಿಯೇ ತಪ್ಪಲ್ಲ, ದುರುಪಯೋಗ ಆದರೆ ಅದನ್ನು ಪ್ರತ್ಯೇಕವಾಗಿ ನೋಡಬೇಕು ಅನ್ನೋದು ಸುಪ್ರೀಂ ಕೋರ್ಟ್ ತೀರ್ಪಿನ ಸಾರ. ಕಾನೂನು ವಿದ್ಯಾರ್ಥಿಗಳು ಮೀಸಲಾತಿಯ ಪಾಠದಲ್ಲಿ ಈ ತೀರ್ಪನ್ನು ಇವತ್ತಿಗೂ ಓದುತ್ತಾರೆ.

ದುರುಪಯೋಗ ನಿಲ್ಲಲಿಲ್ಲ ಅನ್ನೋದಕ್ಕೆ ಮುಂದಿನ ದೊಡ್ಡ ತೀರ್ಪು ಸಾಕ್ಷಿ. ಶ್ರೀನಗರದ ರೀಜನಲ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಟ್ಟು 150 ಅಂಕದಲ್ಲಿ 50 ಸಂದರ್ಶನಕ್ಕೆ. ಒಬ್ಬ ವಿದ್ಯಾರ್ಥಿಗೆ ಸಿಗುತ್ತಿದ್ದದ್ದು ಎರಡು ಮೂರು ನಿಮಿಷ. ಅಜಯ್ ಹಾಸಿಯಾ ಪ್ರಕರಣದಲ್ಲಿ 1980ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆಯಿತು: ಇಂಥ ಪ್ರವೇಶದಲ್ಲಿ ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಟ್ಟರೆ ಅದು ಮನಸೋಇಚ್ಛೆ ಆಗುತ್ತದೆ. ಕರ್ನಾಟಕದಲ್ಲಿ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ಬಂತು. 1994ರಲ್ಲಿ ಸಿಇಟಿ ಬಂತು. ಇವತ್ತು ಇಂಜಿನಿಯರಿಂಗ್ ರ‍್ಯಾಂಕ್ ಅಂದರೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ನಿಮ್ಮ ಮುಖ ಯಾರೂ ನೋಡಲ್ಲ. ನೀವು ಯಾರ ಮಗ ಅಂತ ಯಾರೂ ಕೇಳಲ್ಲ. ಸಿಇಟಿ ಬಗ್ಗೆ ನನಗೆ ನೂರೆಂಟು ತಕರಾರಿದೆ. ಆದರೆ ಪಾವಗಡದ ಸರ್ಕಾರಿ ಕಾಲೇಜಿನ ಹುಡುಗಿ ಯಾರ ಮನೆ ಬಾಗಿಲಿಗೂ ಹೋಗದೆ ಬೆಂಗಳೂರಲ್ಲಿ ಸೀಟು ತಗೊಳ್ಳೋ ವ್ಯವಸ್ಥೆ ಅದು. ಅದನ್ನ ನಾನು ಹಗುರವಾಗಿ ಮಾತಾಡಲ್ಲ.

ಅತ್ತ ಅಮೆರಿಕದ ಕತೆ ಏನು ಸಾಚಾ ಅಂತ ತಿಳ್ಕೋಬೇಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನಂಥ ಕಡೆ ಪ್ರವೇಶಕ್ಕೆ "ಕ್ಯಾರೆಕ್ಟರ್" ನೋಡ್ತೀವಿ, ಸಂದರ್ಶನ ಮಾಡ್ತೀವಿ, ಶಿಫಾರಸು ಪತ್ರ ತರಬೇಕು ಅನ್ನೋ ಕ್ರಮ ಗಟ್ಟಿಯಾಗಿದ್ದು 1920ರ ದಶಕದಲ್ಲಿ. ಪರೀಕ್ಷೆ ಮಾತ್ರ ಇದ್ದಾಗ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಅಂಕದ ಬಲದ ಮೇಲೆ ಹೆಚ್ಚು ಹೆಚ್ಚು ಸೀಟು ಪಡೆಯತೊಡಗಿದ್ದರು. ಹಾರ್ವರ್ಡ್ ಅಧ್ಯಕ್ಷ ಲಾರೆನ್ಸ್ ಲೋವೆಲ್ ಅವರಿಗೆ ಇದು ಸಹಿಸಲಾಗಲಿಲ್ಲ. 1922ರಲ್ಲಿ ನೇರವಾಗಿ ಕೋಟಾ ಇಡಲು ಹೋಗಿ ಗಲಾಟೆಯಾಯಿತು. ಆಮೇಲೆ 1926ರ ಹೊತ್ತಿಗೆ ಗುಣ, ವ್ಯಕ್ತಿತ್ವ ಅನ್ನೋ ಅಳತೆಗೆ ಸಿಗದ ಮಾನದಂಡ ಬಂತು. ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ ಈ ಇತಿಹಾಸದ ಮೇಲೆ 2005ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದಿದ್ದಾರೆ. ಇವತ್ತಿಗೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅದೇ ಬರ್ಕ್ಲಿ, ಲಾಸ್ ಏಂಜಲಿಸ್ ಎಲ್ಲ ಇರೋದು, ಪದವಿ ಪ್ರವೇಶಕ್ಕೆ ಶಿಫಾರಸು ಪತ್ರವನ್ನು ಸಾಮಾನ್ಯವಾಗಿ ಕೇಳುವುದೇ ಇಲ್ಲ.

ಆದರೆ ಪತ್ರ ಮಾಡಬಲ್ಲ ಕೆಲಸವೂ ಒಂದಿದೆ. ಪ್ರಿನ್ಸ್‌ಟನ್‌ಗೆ 1948ರಲ್ಲಿ ಒಂದು ಶಿಫಾರಸು ಪತ್ರ ಹೋಯಿತು. ಬರೆದವರು ಕಾರ್ನೆಗಿ ಟೆಕ್‌ನ ಪ್ರಾಧ್ಯಾಪಕ ರಿಚರ್ಡ್ ಡಫಿನ್. ಇಡೀ ಪತ್ರ ಕೆಲವೇ ವಾಕ್ಯ. ಹುಡುಗನ ಹೆಸರು, ವಯಸ್ಸು 19, ಜೂನ್‌ನಲ್ಲಿ ಪದವಿ ಮುಗಿಯುತ್ತೆ, ಮತ್ತೆ ಆತ ಗಣಿತದ ಜೀನಿಯಸ್. ಅಷ್ಟೇ. ಆ ಹುಡುಗ ಜಾನ್ ನ್ಯಾಶ್, 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ನಮ್ಮ ಹುಡುಗರು ಇದನ್ನ ವಾಟ್ಸ್ಆ್ಯಪ್‌ನಲ್ಲಿ ನೋಡಿ, "ನೋಡಿ ಸರ್, ಚಿಕ್ಕದಾಗಿ ಬರೆದರೂ ಸಾಕು" ಅಂತಾರೆ. ಅಲ್ಲಪ್ಪಾ, ಆ ಮಾತು ನಡೆದದ್ದು ಡಫಿನ್ ಆ ಹುಡುಗನಿಗೆ ಪಾಠ ಮಾಡಿ, ಅವನ ತಲೆ ಹೇಗೆ ಓಡುತ್ತೆ ಅಂತ ಕಣ್ಣಾರೆ ಕಂಡಿದ್ದರಿಂದ. ಡಫಿನ್ ಸ್ವತಃ ಗಣಿತಜ್ಞ ಅಂತ ಪ್ರಿನ್ಸ್‌ಟನ್‌ನವರಿಗೂ ಗೊತ್ತಿದ್ದರಿಂದ.

ಹತ್ತಿರದಿಂದ ಕಂಡವರ ಮಾತಿಗೂ, ದೂರದಿಂದ ತೀರ್ಮಾನ ಮಾಡುವವರ ಮಾತಿಗೂ ಇರುವ ಅಂತರಕ್ಕೆ ಯಶವಂತಪುರದ ಪಕ್ಕದಲ್ಲೇ ಒಂದು ಉದಾಹರಣೆ ಇದೆ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲ ಸ್ಥಾನ ಬಂದಿದ್ದ ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೊಹೋನಿ, ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಅಂಕ ಇತ್ತು. ತಂದೆ, ಚಿಕ್ಕಪ್ಪ ಇಬ್ಬರೂ ಅಲ್ಲೇ ಓದಿದವರು, ಅಂದರೆ ಪರಿಚಯವೂ ಇತ್ತು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಕಾರಣ, ಆಕೆ ಹೆಣ್ಣು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಅನ್ನೋ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಎಂ. ಶ್ರೀನಿವಾಸಯ್ಯ ಅನ್ನೋ ಮೇಷ್ಟ್ರ ಕೈಕೆಳಗೆ ಲ್ಯಾಬ್‌ನಲ್ಲಿ ದುಡಿದರು. ಕೆಲಸ ಕಂಡ ಮೇಲೆ ರಾಮನ್ ಒಪ್ಪಿದರು. 1939ರಲ್ಲಿ ಆಕೆ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು. ಅಂಕಪಟ್ಟಿ ಮಾಡಿಕೊಡಲಾಗದ್ದನ್ನು ಒಂದು ವರ್ಷದ ಲ್ಯಾಬ್ ಮಾಡಿಕೊಟ್ಟಿತು.

ಈಗ ಪತ್ರದ ಒಳಗೆ ಹೋಗೋಣ. ಅಲ್ಲಿನವರು ನಿಜವಾಗಿ ಏನು ನೋಡ್ತಾರೆ?

ಪಿಯುಸಿ ಆದಮೇಲೆ ನೇರವಾಗಿ ಅಮೆರಿಕದ ಪದವಿಗೆ ಹೋಗೋ ಮಕ್ಕಳು ಬಹುತೇಕ ಕಾಮನ್ ಆ್ಯಪ್ ಅನ್ನೋ ಒಂದೇ ವೇದಿಕೆಯಿಂದ ಹತ್ತಾರು ಕಾಲೇಜಿಗೆ ಅರ್ಜಿ ಹಾಕ್ತಾರೆ. 1975ರಿಂದ ಇರೋ ವ್ಯವಸ್ಥೆ ಇದು. ಅಲ್ಲಿ ಮೇಷ್ಟ್ರಿಗೆ ಪತ್ರದ ಜೊತೆ ಒಂದು ಕೋಷ್ಟಕವನ್ನೂ ಕೊಡ್ತಾರೆ. ಈ ವಿದ್ಯಾರ್ಥಿ ಸರಾಸರಿಗಿಂತ ಕೆಳಗಾ, ಸರಾಸರಿಯಾ, ಮೇಲಿನ ಶೇ. 10ರಲ್ಲಾ, ಶೇ. 5ರಲ್ಲಾ, ಅಥವಾ ನಿಮ್ಮ ಇಡೀ ವೃತ್ತಿಯಲ್ಲಿ ಕಂಡ ಬೆರಳೆಣಿಕೆಯವರಲ್ಲಿ ಒಬ್ಬರಾ? ಮೊದಲ ಕಾಲಂನಲ್ಲಿ "ಹೇಳಲು ಆಧಾರವಿಲ್ಲ" ಅನ್ನೋ ಆಯ್ಕೆಯೂ ಇದೆ. ನಮ್ಮ ಮೇಷ್ಟ್ರುಗಳು ಪಾಪ, ಒಳ್ಳೆಯ ಮನಸ್ಸಿನಿಂದ ಎಲ್ಲದಕ್ಕೂ ಕೊನೆಯ ಕಾಲಂ ಒತ್ತಿಬಿಡ್ತಾರೆ. ಒಂದೇ ಕಾಲೇಜಿನ ಇಪ್ಪತ್ತು ಮಕ್ಕಳೂ ಬೆರಳೆಣಿಕೆಯವರೇ ಆದರೆ ಓದುವವನು ಏನಂತ ತಿಳ್ಕೋಬೇಕು?

ಇಲ್ಲೇ ಇನ್ನೊಂದು ತಾರತಮ್ಯ ಇದೆ. ಆ ಅರ್ಜಿಯಲ್ಲಿ ಸ್ಕೂಲ್ ಕೌನ್ಸೆಲರ್ ಅಂತ ಒಬ್ಬರ ಪತ್ರವೂ ಬೇಕು. ಬಳ್ಳಾರಿ ರಸ್ತೆಯ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಅದಕ್ಕೆಂದೇ ಸಂಬಳದ ಜನ ಇರುತ್ತಾರೆ. ಒಂಬತ್ತನೇ ಕ್ಲಾಸಿನಿಂದ ಮಗುವಿನ ಫೈಲ್ ಇಟ್ಟಿರುತ್ತಾರೆ. ಅದೇ ಆರ್.ಟಿ. ನಗರದ ಒಂದು ಸಾಧಾರಣ ಪಿಯು ಕಾಲೇಜಿಗೆ ಹೋಗಿ ಕೌನ್ಸೆಲರ್ ಯಾರು ಅಂತ ಕೇಳಿ. ಆಫೀಸಿನ ಕ್ಲರ್ಕ್ ನಿಮ್ಮನ್ನೇ ದಿಟ್ಟಿಸಿ ನೋಡ್ತಾರೆ. ಪ್ರಿನ್ಸಿಪಾಲರೇ ಆ ಜಾಗದಲ್ಲಿ ಬರೆಯಬೇಕು. ಅವರಿಗೆ ಗೊತ್ತಿರೋದು ಟಿಸಿಯಲ್ಲಿ ಬರೆಯೋ ಭಾಷೆ: ಗುಣನಡತೆ ತೃಪ್ತಿಕರ.

ಅರ್ಜಿಯಲ್ಲಿ ಇನ್ನೊಂದು ಚೌಕ ಇರುತ್ತೆ, ಬಹಳ ಪೋಷಕರಿಗೆ ಅದು ತಲೆನೋವು. "ಈ ಪತ್ರ ನೋಡುವ ನನ್ನ ಹಕ್ಕನ್ನು ಬಿಟ್ಟುಕೊಡುತ್ತೇನೆ" ಅಂತ ಟಿಕ್ ಮಾಡಬೇಕು. 1974ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು, ಫೆರ್ಪಾ ಅಂತ ಕರೀತಾರೆ. ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕು ಬಂತು. ಆಗ ಮೇಷ್ಟ್ರುಗಳು ಮನಸ್ಸು ಬಿಚ್ಚಿ ಬರೆಯುತ್ತಾರಾ ಅನ್ನೋ ಪ್ರಶ್ನೆ ಎದ್ದಿತು. ಅದಕ್ಕೇ ಈ ಬಿಟ್ಟುಕೊಡುವ ಚೌಕ. ಟಿಕ್ ಮಾಡಿದರೆ ಪತ್ರಕ್ಕೆ ತೂಕ. ಮಾಡದಿದ್ದರೆ ಕಾನೂನಿನ ಪ್ರಕಾರ ತಪ್ಪೇನಿಲ್ಲ, ಆದರೆ ವಿದ್ಯಾರ್ಥಿ ನೋಡ್ತಾನೆ ಅಂತ ಗೊತ್ತಿದ್ದು ಬರೆದ ಹೊಗಳಿಕೆ ಅಂತಾಗುತ್ತೆ. ಈಗ ನಮ್ಮ ಸ್ಟಾಫ್ ರೂಮಿಗೆ ವಾಪಸ್ ಬನ್ನಿ. ವಿದ್ಯಾರ್ಥಿ ನೋಡಲೇಬಾರದ ಪತ್ರವನ್ನು ಇಲ್ಲಿ ವಿದ್ಯಾರ್ಥಿಯೇ ಬರೆದಿರ್ತಾನೆ!

ಅವನು ಬರೆಯೋದಾದರೂ ಏನು? ಗೂಗಲ್‌ನಲ್ಲಿ ಸಿಕ್ಕ ನಮೂನೆ, ಸೀನಿಯರ್ ಕಳಿಸಿದ ವರ್ಡ್ ಫೈಲು, ಈಗೀಗ ಚಾಟ್‌ಜಿಪಿಟಿ. ಸಿನ್ಸಿಯರ್, ಹಾರ್ಡ್‌ವರ್ಕಿಂಗ್, ಪಂಕ್ಚುಯಲ್, ಒಬೀಡಿಯೆಂಟ್. ವಿಧೇಯ ಅನ್ನೋದು ನಮ್ಮಲ್ಲಿ ದೊಡ್ಡ ಗುಣ. ಸಂಶೋಧನೆ ಮಾಡೋ ಲ್ಯಾಬ್‌ಗೆ ಜನ ಹುಡುಕುವವರು ಅದನ್ನ ಓದಿದಾಗ, ಈತ ಹೇಳಿದ್ದಷ್ಟೇ ಮಾಡ್ತಾನೆ ಅಂತ ಅರ್ಥ ಮಾಡ್ಕೊಂಡರೆ ಅವರ ತಪ್ಪಲ್ಲ. ವಿಶೇಷಣಗಳ ಕತೆ ಇನ್ನೂ ಸೂಕ್ಷ್ಮ. ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂದು ಮೆಡಿಕಲ್ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದಿದ್ದ 300ಕ್ಕೂ ಹೆಚ್ಚು ಶಿಫಾರಸು ಪತ್ರ ಓದಿ ನೋಡಿದರು. ಹೆಂಗಸರ ಬಗ್ಗೆ ಬರೆದ ಪತ್ರಗಳು ಸರಾಸರಿಯಲ್ಲಿ ಚಿಕ್ಕವು, ಅನುಮಾನ ಹುಟ್ಟಿಸುವ ಮಾತುಗಳು ಹೆಚ್ಚು. ಬರೆದವರು ಕೆಟ್ಟವರಂತಲ್ಲ. ಮನಸ್ಸಿನಲ್ಲಿರೋ ಅಚ್ಚು ಹಾಗೆ ಕೈಗೆ ಇಳಿಯುತ್ತೆ. ನಮ್ಮ ಕಡೆ ಹುಡುಗಿಯರ ಎಲ್‌ಒಆರ್‌ನಲ್ಲಿ "ಸಾಫ್ಟ್ ಸ್ಪೋಕನ್" ಅಂತ ಬರೆಯುವ ಮೇಷ್ಟ್ರು ಇದನ್ನ ಒಮ್ಮೆ ಯೋಚಿಸಬೇಕು. ಆಕೆ ಸರ್ಕ್ಯೂಟ್ ಡಿಸೈನ್ ಮಾಡೋದಕ್ಕೂ ಆಕೆಯ ದನಿಗೂ ಏನು ಸಂಬಂಧ?

ಒಳ್ಳೆಯ ಪತ್ರ ಹೇಗಿರುತ್ತೆ ಅಂತ ಹೇಳೋಕೆ ನಾನು ಇಂಜಿನಿಯರಿಂಗ್ ಲ್ಯಾಬ್‌ನಿಂದಲೇ ಒಂದು ಕಲ್ಪಿತ ಉದಾಹರಣೆ ಕೊಡ್ತೀನಿ. ಲ್ಯಾಬ್ ರೆಕಾರ್ಡ್ ಬರೆದವರಿಗೆ ಬೇಗ ಅರ್ಥವಾಗುತ್ತೆ. ನಾವೆಲ್ಲ ಹೇಗೆ ರೀಡಿಂಗ್ ಬರೀತಿದ್ದೆವು? ಸೀನಿಯರ್ ರೆಕಾರ್ಡ್ ನೋಡಿ, ಗ್ರಾಫ್ ಚೆನ್ನಾಗಿ ಬರೋ ಹಾಗೆ. ಈಗ ಐದನೇ ಸೆಮಿಸ್ಟರ್‌ನ ಒಬ್ಬ ಹುಡುಗಿ, "ಮೇಡಂ, ಔಟ್‌ಪುಟ್ ಹೀಗೆ ಬರ್ತಾ ಇಲ್ಲ" ಅಂತ ಎದ್ದು ನಿಲ್ತಾಳೆ ಅಂದ್ಕೊಳ್ಳಿ. ಎಲ್ಲರೂ ಮನೆಗೆ ಹೋದಮೇಲೂ ಕೂತು ಹುಡುಕ್ತಾಳೆ. ಆ ಕಿಟ್‌ನ ಒಂದು ಕೆಪಾಸಿಟರ್ ಹಾಳಾಗಿದೆ ಅಂತ ಕಂಡುಹಿಡೀತಾಳೆ. ಅಂದರೆ ಅಷ್ಟು ವರ್ಷ ಆ ಕಿಟ್ ಮುಟ್ಟಿದವರೆಲ್ಲ ಸುಳ್ಳು ರೀಡಿಂಗ್ ಬರೆದಿದ್ದಾರೆ! ಇದಿಷ್ಟನ್ನ ಆ ಮೇಡಂ ತಮಗೆ ಬರೋ ಸರಳ ಇಂಗ್ಲಿಷಿನಲ್ಲಿ ಬರೆದರೆ ಸಾಕು. ವ್ಯಾಕರಣ ಒಂದೆರಡು ಕಡೆ ತಪ್ಪಿದ್ದರೂ ಚಿಂತೆಯಿಲ್ಲ. ಸಿನ್ಸಿಯರ್ ಅನ್ನೋ ಪದ ಒಂದು ಸಲವೂ ಬೇಕಾಗಿಲ್ಲ.

ಮೇಷ್ಟ್ರನ್ನ ಬೈಯೋದು ಸುಲಭ. ನಾನು ಅವರ ಕಡೆಯೂ ಮಾತಾಡಬೇಕು. ಒಂದು ಸೆಕ್ಷನ್‌ಗೆ ಅರವತ್ತು ಮಕ್ಕಳು. ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಎರಡು ಮೂರು ಸೆಕ್ಷನ್, ಮೇಲೆ ಲ್ಯಾಬ್, ಮೇಲೆ ನ್ಯಾಕ್ ಫೈಲು, ಎನ್‌ಬಿಎ ಫೈಲು, ಮೇಲೆ ಅಡ್ಮಿಷನ್ ಸೀಸನ್‌ನಲ್ಲಿ ಮಕ್ಕಳನ್ನ ಹಿಡಿದು ತರೋ ಕೆಲಸ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎಲ್‌ಒಆರ್ ಕೇಳಿಕೊಂಡು ಮೂವತ್ತು ಜನ ಬಂದರೆ, ಪ್ರತಿಯೊಬ್ಬರದೂ ಹತ್ತು ವಿಶ್ವವಿದ್ಯಾಲಯ ಅಂದರೆ, ಮುನ್ನೂರು ಪೋರ್ಟಲ್ ಲಿಂಕ್. ಇದಕ್ಕೆ ಅವರಿಗೆ ಒಂದು ಗಂಟೆ ರಿಯಾಯಿತಿಯೂ ಇಲ್ಲ, ಒಂದು ರೂಪಾಯಿಯೂ ಇಲ್ಲ. ಅಲ್ಲಿನ ಪ್ರಾಧ್ಯಾಪಕನಿಗೆ ಪತ್ರ ಬರೆಯೋದು ಕೆಲಸದ ಭಾಗ. ಇಲ್ಲಿ ಅದು ಉಪಕಾರ. ಉಪಕಾರದ ಲೆಕ್ಕದಲ್ಲಿ ಸೈನ್ ಸಿಗುತ್ತೆ, ಪತ್ರ ಸಿಗಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಫೀಸು ತಗೊಳ್ಳೋ ಆಡಳಿತ ಮಂಡಳಿಗಳು ಪ್ಲೇಸ್‌ಮೆಂಟ್ ಸೆಲ್‌ಗೆ ಕಟ್ಟಡ ಕಟ್ಟಿಸ್ತವೆ. ಪತ್ರ ಬರೆಯೋ ಮೇಷ್ಟ್ರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡೋಕೆ ಏನು ಖರ್ಚು?

ಈ ಸಂದಿಯಲ್ಲಿ ಬಂದು ಕೂತಿರೋದೇ ಕನ್ಸಲ್ಟೆನ್ಸಿಗಳು. ಎಲ್ಲರೂ ಕಳ್ಳರಲ್ಲ. ಅರ್ಜಿ ತುಂಬೋಕೆ, ವೀಸಾ ಇಂಟರ್ವ್ಯೂ ತಯಾರಿಗೆ ಪ್ರಾಮಾಣಿಕವಾಗಿ ಸಹಾಯ ಮಾಡುವವರೂ ಇದ್ದಾರೆ. ಆದರೆ ಎಸ್‌ಒಪಿ ಒಂದು, ಎಲ್‌ಒಆರ್ ಮೂರು ಅಂತ ಪ್ಯಾಕೇಜ್ ಹೇಳಿದರು ಅಂದರೆ ಎದ್ದು ಬನ್ನಿ. ಯಾಕಂದರೆ ಮುಂದಿನ ಮೆಟ್ಟಿಲು ಇದು: ಪತ್ರವನ್ನ ವಿಶ್ವವಿದ್ಯಾಲಯ ನೇರವಾಗಿ ಮೇಷ್ಟ್ರ ಇಮೇಲ್‌ಗೆ ಲಿಂಕ್ ಕಳಿಸಿ ತರಿಸಿಕೊಳ್ಳುತ್ತೆ. "ಸರ್‌ಗೆ ಯಾಕೆ ತೊಂದರೆ, ಅವರ ಹೆಸರಲ್ಲಿ ಒಂದು ಜಿಮೇಲ್ ಮಾಡೋಣ" ಅಂತಾರೆ. ಅಲ್ಲಿಗೆ ಅದು ಸಣ್ಣ ಸಹಾಯ ಅಲ್ಲ, ಖೋಟಾ ದಾಖಲೆ.

ಅಮೆರಿಕದ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ 2024ರಲ್ಲಿ ಬಯಲಾದ ಪ್ರಕರಣ ನೀವು ಸುದ್ದಿಯಲ್ಲಿ ನೋಡಿರಬಹುದು. ಭಾರತದಿಂದ ಹೋಗಿದ್ದ 19ರ ಹುಡುಗ. ಅಂಕಪಟ್ಟಿ ಖೋಟಾ, ಹಣಕಾಸಿನ ದಾಖಲೆ ಖೋಟಾ, ಪ್ರಿನ್ಸಿಪಾಲರ ಹೆಸರಲ್ಲಿ ನಕಲಿ ಇಮೇಲ್, ಬದುಕಿದ್ದ ತಂದೆಗೆ ಮರಣ ಪತ್ರ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿತ್ತು. ಯಾರೂ ಹಿಡಿದಿರಲಿಲ್ಲ. ಆತನೇ ಹೆಸರು ಮುಚ್ಚಿಟ್ಟು ಇಂಟರ್‌ನೆಟ್‌ನಲ್ಲಿ ಕೊಚ್ಚಿಕೊಂಡ, ಓದಿದ ಯಾರೋ ಕಾಲೇಜಿಗೆ ತಿಳಿಸಿದರು. ಬಂಧನ ಆಯ್ತು, ಕೊನೆಗೆ ಭಾರತಕ್ಕೆ ವಾಪಸ್. ಇದು ಅತಿರೇಕದ ಉದಾಹರಣೆ, ಒಪ್ಪುತ್ತೇನೆ. ಆದರೆ ಸುಳ್ಳು ಹೇಳಿ ವೀಸಾ ಪಡೆದದ್ದು ತೀರ್ಮಾನವಾದರೆ ಅಮೆರಿಕದ ವಲಸೆ ಕಾನೂನಿನಲ್ಲಿ ಜೀವನಪರ್ಯಂತದ ನಿಷೇಧಕ್ಕೂ ಅವಕಾಶ ಇದೆ. ಇಲ್ಲಿ ಭಾರತೀಯ ನ್ಯಾಯ ಸಂಹಿತೆಯಲ್ಲೂ ಖೋಟಾ ದಾಖಲೆ ಮಾಡೋದು, ಬಳಸೋದು ಎರಡೂ ಅಪರಾಧ. ಪ್ಯಾಕೇಜ್ ಮಾರಿದವನು ಆವತ್ತು ಫೋನ್ ಎತ್ತಲ್ಲ. ಲೋನ್ ಕಟ್ಟಬೇಕಾದವರು ಅಪ್ಪ.

ಸಿಕ್ಕಿಬೀಳದಿದ್ದರೂ ಒಂದು ನಷ್ಟ ಇದೆ, ಅದು ಕಣ್ಣಿಗೆ ಕಾಣಲ್ಲ. ಒಂದೇ ಕಾಲೇಜಿನಿಂದ ಒಂದೇ ವಿಭಾಗಕ್ಕೆ ಪ್ರತಿ ವರ್ಷ ಅರ್ಜಿ ಹೋಗ್ತಾ ಇರುತ್ತೆ. ಅಲ್ಲಿ ಓದುವವರು ಅವರೇ. ಅದೇ ಎರಡನೇ ಪ್ಯಾರಾ, ಅದೇ "ಐ ಹ್ಯಾವ್ ನೋ ಹೆಸಿಟೇಶನ್" ವರ್ಷಾನುವರ್ಷ ಬಂದರೆ, ಆ ಕಾಲೇಜಿನ ಪತ್ರಗಳನ್ನೇ ಅವರು ಪಕ್ಕಕ್ಕೆ ಸರಿಸಬಹುದು. ಆಮೇಲೆ ಬರೋ ಆ ಕೆಪಾಸಿಟರ್ ಹುಡುಗಿಯ ನಿಜವಾದ ಪತ್ರವೂ ಆ ರಾಶಿಯಲ್ಲೇ. ಜೊತೆಗೆ ಕೋವಿಡ್ ನಂತರ ಅನೇಕ ವಿಶ್ವವಿದ್ಯಾಲಯಗಳು ಜಿಆರ್‌ಇ ಕಡ್ಡಾಯ ಅನ್ನೋದನ್ನ ಬಿಟ್ಟವು. ನಮ್ಮ ಹುಡುಗರು ಪರೀಕ್ಷೆ ತಪ್ಪಿತು ಅಂತ ಖುಷಿಪಟ್ಟರು. ಅಂಕದ ಒಂದು ಆಧಾರ ಹೋದರೆ ಉಳಿದ ಕಾಗದಗಳ ಮೇಲೆ ಭಾರ ಹೆಚ್ಚುತ್ತೆ, ಅದರಲ್ಲಿ ಈ ಪತ್ರವೂ ಒಂದು.

ಎಲ್ಲ ದೇಶದಲ್ಲೂ ಇದೇ ರೀತಿ ಅಂತಲ್ಲ. ಬ್ರಿಟನ್ನಿನ ಯುಕಾಸ್ ವ್ಯವಸ್ಥೆ 2024ರ ಪ್ರವೇಶದಿಂದ ಉದ್ದುದ್ದ ಹೊಗಳಿಕೆ ಬೇಡ ಅಂತ ಶಿಫಾರಸನ್ನು ಮೂರು ಭಾಗದ ನಮೂನೆ ಮಾಡಿದೆ: ಶಾಲೆಯ ಬಗ್ಗೆ, ವಿದ್ಯಾರ್ಥಿಯ ಓದಿಗೆ ಅಡ್ಡಿಯಾದ ಪರಿಸ್ಥಿತಿ ಇದ್ದರೆ ಅದರ ಬಗ್ಗೆ, ಬೇರೇನಾದರೂ ಹೇಳಲೇಬೇಕಾದ್ದಿದ್ದರೆ ಅದು. ಜರ್ಮನಿಗೆ ಹೋಗುವವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಅನ್ನೋ ದಾಖಲೆ ಪರಿಶೀಲನೆ ಕಡ್ಡಾಯವಾಗಿದೆ. ಭಾರತದ ಅಂಕಪಟ್ಟಿಗಳು ಅಸಲಿಯಾ ನಕಲಿಯಾ ಅಂತ ಮೊದಲೇ ನೋಡುವ ಏರ್ಪಾಡು ಅದು. ಯಾಕೆ ಬಂತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಫೈನಲ್ ಇಯರ್ ಹುಡುಗ ಮಾಡಬೇಕಾದ್ದೇನು? ಮೊದಲು, ಎಚ್‌ಒಡಿ ಸಹಿಯೇ ಬೇಕು ಅನ್ನೋ ಹಟ ಬಿಡಿ. ನಿಮ್ಮ ಪ್ರಾಜೆಕ್ಟ್ ನೋಡಿದ, ನಿಮ್ಮ ಜೊತೆ ಜಗಳ ಆಡಿದ ಅಸಿಸ್ಟೆಂಟ್ ಪ್ರೊಫೆಸರ್ ಪತ್ರ ಹತ್ತು ಪಟ್ಟು ಮೇಲು. ಡಿಸೆಂಬರ್ 15ರ ಡೆಡ್‌ಲೈನ್‌ಗೆ ಡಿಸೆಂಬರ್ 10ಕ್ಕೆ ಹೋಗಬೇಡಿ, ಆಗ ಸೆಮಿಸ್ಟರ್ ಪರೀಕ್ಷೆಯ ಗಡಿಬಿಡಿಯೂ ಇರುತ್ತೆ. ಸೆಪ್ಟೆಂಬರ್‌ನಲ್ಲೇ ಹೋಗಿ ಕೇಳಿ. ಪತ್ರ ಬರ್ಕೊಂಡು ಹೋಗಬೇಡಿ. ಬದಲಿಗೆ ಒಂದು ಪುಟದ ಟಿಪ್ಪಣಿ ಕೊಡಿ: ಯಾವ ಸೆಮಿಸ್ಟರ್‌ನಲ್ಲಿ ಯಾವ ಸಬ್ಜೆಕ್ಟ್, ಯಾವ ಪ್ರಾಜೆಕ್ಟ್, ಎಲ್ಲಿ ಸೋತೆ, ಏನು ಸರಿ ಮಾಡಿದೆ, ಯಾವ ಕೋರ್ಸ್‌ಗೆ ಯಾಕೆ ಹೋಗ್ತಿದೀನಿ. ಇದನ್ನ ಅಮೆರಿಕದ ಮಕ್ಕಳೂ ಕೊಡ್ತಾರೆ, ಇದರಲ್ಲಿ ಮೋಸ ಇಲ್ಲ. ಮೇಷ್ಟ್ರು ಕಾಲೇಜಿನ ಅಧಿಕೃತ ಇಮೇಲ್‌ನಿಂದಲೇ ಕಳಿಸಲಿ. "ನನಗೆ ನೀನು ಅಷ್ಟು ಗೊತ್ತಿಲ್ಲಪ್ಪಾ, ಬೇರೆಯವರನ್ನ ಕೇಳು" ಅಂತ ಯಾರಾದರೂ ಹೇಳಿದರೆ ಬೇಜಾರು ಮಾಡ್ಕೋಬೇಡಿ. ಅವರು ನಿಮ್ಮನ್ನ ಒಂದು ಸಪ್ಪೆ ಪತ್ರದಿಂದ ಉಳಿಸಿದ್ದಾರೆ.

ಇನ್ನೂ ಮೂರನೇ ಸೆಮಿಸ್ಟರ್‌ನಲ್ಲಿರೋ ಮಕ್ಕಳಿಗೆ ಒಂದು ಮಾತು. ನಮ್ಮ ಮೇಖ್ರಿ ಸರ್ಕಲ್ ಹತ್ತಿರ, ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಇದೆ, 1934ರಲ್ಲಿ ರಾಮನ್ ಅವರೇ ಕಟ್ಟಿದ್ದು. ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನ ವಿಜ್ಞಾನಿಗಳ ಹತ್ತಿರ ಕೆಲಸಕ್ಕೆ ಕಳಿಸುವ ಫೆಲೋಶಿಪ್ ನಡೆಸುತ್ತಾ ಬಂದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಬೇಸಿಗೆಯ ಫೆಲೋಶಿಪ್ ಇದೆ. ಅಕಾಡೆಮಿಯ ಅರ್ಜಿಗೂ ನಿಮ್ಮ ಮೇಷ್ಟ್ರ ಒಂದು ಪತ್ರ ಬೇಕು. ಡಾಲರ್ ಇಲ್ಲ, ವೀಸಾ ಇಲ್ಲ, ಕನ್ಸಲ್ಟೆನ್ಸಿ ಇಲ್ಲ, ಯಲಹಂಕದಿಂದ ಬಿಎಂಟಿಸಿ ಬಸ್ಸಿನ ದೂರ. ಆ ಪತ್ರ ಕೇಳೋಕೆ ಅಂತ ಒಮ್ಮೆ ಮೇಷ್ಟ್ರ ಮುಂದೆ ಕೂತು ಅರ್ಧ ಗಂಟೆ ಮಾತಾಡಿ. ಎರಡು ತಿಂಗಳು ಯಾವುದಾದರೂ ಲ್ಯಾಬ್‌ನಲ್ಲಿ ಕೆಲಸ ಮಾಡಿದರೆ ಅಲ್ಲಿನ ವಿಜ್ಞಾನಿಯೊಬ್ಬರಿಗೆ ನಿಮ್ಮ ಕೈಕೆಲಸ ಗೊತ್ತಿರುತ್ತೆ. ಎಂಎಸ್ ಅರ್ಜಿಯ ಮೂರು ಪತ್ರದಲ್ಲಿ ಎರಡು ಅಲ್ಲಿಗೇ ಆಯ್ತು, ಯುಎಸ್‌ಎನ್ ಕೇಳದೆ ಬರೆಯೋರು.